"ಚಿಂಕಾರ ಅಂದ್ರ ಯಾವುದ್ರೀ ಸರ್ರ?": ಯಡಹಳ್ಳಿ ಕಾಡಿನ ಹಿಂದಿನ ದಿನಗಳನ್ನು ಹುಡುಕಲು ಹೋದ ಒಂದು ಕೂಟದ ಪ್ರಕರಣ

"ಮುತ್ಯಾ, ನೀವು ಸಣ್ಣವರಿದ್ದಾಗ ಈ ಗುಡ್ಡದಾಗ ಚಿಂಕಾರ ಎಷ್ಟ ಇದ್ವು?"

ಕೇಳಿದವನು ನಾನೇ. ಮುತ್ಯಾ, ಅಂದರೆ ಅಜ್ಜ, ಹೆಗಲ ಮೇಲಿನ ಕಂಬಳಿ ಸರಿ ಮಾಡಿಕೊಂಡರು. ಪಕ್ಕದಲ್ಲಿ ಕೂತವರ ಮುಖ ನೋಡಿದರು. ಆಮೇಲೆ ಹೇಳಿದರು: "ಅಂಥಾದ್ದು ನಮ್ಮ ಕಡೆ ಇಲ್ಲೇ ಇಲ್ಲ ಬಿಡ್ರಿ ಸರ್ರ."

60 ವರ್ಷ ಅದೇ ಮಡ್ಡಿಯಲ್ಲಿ, ಅಂದರೆ ಕಲ್ಲು ತುಂಬಿದ ಒಣ ಗುಡ್ಡದ ನೆಲದಲ್ಲಿ, ಕುರಿ ಕಾಯ್ದವರು ಅವರು. ಚಿಂಕಾರ ಅನ್ನೋ ಸಣ್ಣ ಹುಲ್ಲೆಯ ಹೆಸರಲ್ಲೇ ಸರ್ಕಾರ ವನ್ಯಜೀವಿ ಧಾಮ ಮಾಡಿರುವ ಜಾಗ ಅದು. ನಾವು 19 ಜನ ಪೆನ್ನು, ನೋಟ್‌ಬುಕ್ ಹಿಡಿದು ಸುತ್ತ ಕೂತಿದ್ದೆವು. ಯಾರೂ ಏನೂ ಬರೆದುಕೊಳ್ಳಲಿಲ್ಲ.

ಮುತ್ಯಾ ಹಾಗೆ ಯಾಕೆ ಹೇಳಿದರು, ಮರುದಿನ ಅವರೇ ಯಾಕೆ ಎರಡು ತಾಸು ಬಿಡದೆ ಮಾತಾಡಿದರು, ಆ ಎರಡರ ನಡುವೆ ಏನಾಯಿತು ಅನ್ನೋದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಊರಿನ ಇತಿಹಾಸ, ಕಾಡಿನ ಇತಿಹಾಸ ಹುಡುಕುವ ಬೇರೆ ಗೆಳೆಯರಿಗೆ ಕೆಲಸಕ್ಕೆ ಬರುತ್ತೆ. ಬಂದವರ ಹೆಸರು ಹಾಕಿಲ್ಲ. ಊರವರು ಕೇಳಿಕೊಂಡಿದ್ದೂ ಅದನ್ನೇ.

ಜಾಗ ಯಾವುದು

ಬಾಗಲಕೋಟೆ ಜಿಲ್ಲೆಯ ಮುಧೋಳ ಮತ್ತು ಬೀಳಗಿ ತಾಲ್ಲೂಕುಗಳಲ್ಲಿ ಹರಡಿರುವ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ಘಟಪ್ರಭಾ, ನಡುವೆ ಈ ಗುಡ್ಡಸಾಲು. ಸುಮಾರು 96 ಚದರ ಕಿಲೋಮೀಟರ್. 2016ರಲ್ಲಿ ಘೋಷಣೆ ಆಯಿತು. ರಾಷ್ಟ್ರೀಯ ಉದ್ಯಾನ ಅಲ್ಲ, ಅಷ್ಟು ದೊಡ್ಡದೂ ಅಲ್ಲ. ಕಾಡು ಅಂದ ಕೂಡಲೇ ದಾಂಡೇಲಿ, ಖಾನಾಪುರ ಕಡೆಯ ಎತ್ತರದ ಮರ ನೆನಪಾಗುವವರಿಗೆ ಇದು ಕಾಡೇ ಅಲ್ಲ ಅನ್ನಿಸುತ್ತೆ. ಜಾಲಿ, ಬಾರಿಕಂಟಿ, ಕಾರೆ, ಮೊಣಕಾಲುದ್ದ ಒಣಹುಲ್ಲು, ಬಿಸಿಲಿಗೆ ಕಾದ ಕಲ್ಲು. ಆದರೆ ತೋಳ, ಕತ್ತೆಕಿರುಬ, ನರಿ, ಚಿಂಕಾರ ಬದುಕುವುದು ಇಂಥ ಜಾಗದಲ್ಲೇ. ಇದನ್ನು "ಬಂಜರು" ಅಂತ ಬರೆದು ಬರೆದೇ ನಾವು ಎಷ್ಟೋ ಮಡ್ಡಿಗಳನ್ನು ಕಳೆದುಕೊಂಡಿದ್ದೇವೆ, ಅದು ನನಗೆ ಬಹಳ ನೋವಿನ ವಿಷಯ.

ಚಿಂಕಾರದ ಬಗ್ಗೆ ಎರಡು ಮಾತು. ಜಿಂಕೆಯ ಹಾಗೆ ಕಂಡರೂ ಅದಕ್ಕಿಂತ ಸಣ್ಣದು, ತೂಕ 20ರಿಂದ 25 ಕಿಲೋ. ಮಣ್ಣಿನ ಬಣ್ಣ, ಮುಖದ ಮೇಲೆ ಕಣ್ಣಿಂದ ಮೂಗಿನ ಕಡೆಗೆ ಪಟ್ಟೆ, ಕಪ್ಪು ಬಾಲ. ಹೆಣ್ಣಿಗೂ ಸಣ್ಣ ಕೊಂಬು ಇರುತ್ತೆ. ದಿನಗಟ್ಟಲೆ ನೀರು ಕುಡಿಯದೆ, ಎಲೆಯ ರಸ ಮತ್ತು ಇಬ್ಬನಿಯಲ್ಲೇ ಬದುಕಬಲ್ಲದು. ಗಾಬರಿಯಾದರೆ ಕಾಲು ನೆಲಕ್ಕೆ ಬಡಿದು, ಮೂಗಿಂದ ಸೀನಿದ ಹಾಗೆ ಸದ್ದು ಮಾಡುತ್ತೆ. ಈ ಸೀನಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನಾವು ಯಾಕೆ ಸೇರಿದೆವು

ನಮ್ಮದು ಸಂಘ ಅಲ್ಲ, ಸಂಸ್ಥೆಯೂ ಅಲ್ಲ. ಬಾಗಲಕೋಟೆ, ಜಮಖಂಡಿ, ಮುಧೋಳ, ವಿಜಯಪುರದ ಕಡೆ ಇತಿಹಾಸ ಕಲಿಸುವವರು, ಕಲಿಯುವವರು ವರ್ಷಕ್ಕೊಮ್ಮೆ ಒಂದು ಊರಲ್ಲಿ ಎರಡು ದಿನ ಸೇರುತ್ತೇವೆ. ಶಾಸನ, ಕೋಟೆ, ಗುಡಿ ಇಷ್ಟೇ ಇಷ್ಟು ವರ್ಷ ನೋಡಿದ್ದು. ಈ ಸಲ ಒಂದು ಕಾಡು ನೋಡೋಣ ಅಂತ ನಾನು ಹೇಳಿದೆ. ಎಲ್ಲರೂ ಒಪ್ಪಿದರು, ಆದರೆ ಒಬ್ಬೊಬ್ಬರ ಮನಸ್ಸಲ್ಲಿ ಒಂದೊಂದು ಕಾಡು ಇತ್ತು ಅನ್ನೋದು ಆಮೇಲೆ ಗೊತ್ತಾಯಿತು.

ಬಂದವರಲ್ಲಿ 11 ಜನ ಕಾಲೇಜು, ಹೈಸ್ಕೂಲು ಮೇಷ್ಟ್ರುಗಳು. ನಿವೃತ್ತ ತಲಾಠಿ (ಗ್ರಾಮ ಲೆಕ್ಕಿಗ) ಒಬ್ಬರು, ಮರಾಠಿಯ ಹಳೆಯ ಮೋಡಿ ಲಿಪಿ ಓದಬಲ್ಲವರು ಒಬ್ಬರು, ಲಾವಣಿ ಹಾಡುವ ಇಬ್ಬರು, ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿರುವ ಒಬ್ಬ ಹುಡುಗಿ, ಉಳಿದವರು ಎಂ.ಎ. ವಿದ್ಯಾರ್ಥಿಗಳು. ಸಂಕ್ರಾಂತಿ ಕಳೆದ ವಾರ. ಬೆಳಿಗ್ಗೆ ಚಳಿ, ಹನ್ನೊಂದಕ್ಕೆಲ್ಲ ಬಿಸಿಲು.

ಕಾಡಿನ ಇತಿಹಾಸ ಅಂದರೆ ನಮ್ಮ ರಾಜ್ಯದಲ್ಲಿ ಒಂದು ಸಿದ್ಧ ದಾರಿ ಇದೆ. ಬಂಡೀಪುರ ತೆಗೆದುಕೊಳ್ಳಿ. ಮೈಸೂರು ಮಹಾರಾಜರ ಬೇಟೆ ಕಾಡು, 1931ರಲ್ಲಿ ಅಭಯಾರಣ್ಯ, 1941ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನ, ಆಮೇಲೆ ಹುಲಿ ಯೋಜನೆ. ದೊರೆ ಬೇಟೆಯಾಡಿದ, ದೊರೆ ಉಳಿಸಿದ, ಸರ್ಕಾರ ವಹಿಸಿಕೊಂಡಿತು. ನಮ್ಮಲ್ಲಿ ಬಹಳ ಜನ ಇಲ್ಲೂ ಅದೇ ದಾರಿ ಹಿಡಿಯಲು ತಯಾರಾಗಿ ಬಂದಿದ್ದರು. ಮುಧೋಳದಲ್ಲಿ ಘೋರ್ಪಡೆ ಸಂಸ್ಥಾನ ಇತ್ತಲ್ಲ. ಬೇಟೆಗೆ ಹೆಸರಾದ ಮುಧೋಳ ನಾಯಿ ಇದೆಯಲ್ಲ. ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಜೋಡಿ ಮರಿ ಕೊಟ್ಟ ಕಥೆ ಇಲ್ಲಿ ಮಗುವಿನ ಬಾಯಲ್ಲೂ ಇದೆ. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚೀಟಿ ತಂದಿತು. ನಾಯಿಯ ಬಗ್ಗೆ ಇಷ್ಟೆಲ್ಲ ಗೊತ್ತು. ಆ ನಾಯಿ ಬೆನ್ನತ್ತಿದ ಪ್ರಾಣಿ ಯಾವುದು, ಅದು ಎಲ್ಲಿತ್ತು, ಎಷ್ಟಿತ್ತು ಅಂತ ಯಾರೂ ಒಂದು ಪುಟ ಬರೆದಿಲ್ಲ.

ಕಾಗದದ ತೊಂದರೆ

ಈ ಗುಡ್ಡದ ದಾಖಲೆ ಒಂದೇ ಕಡೆ ಇಲ್ಲ, ಇರುವುದಕ್ಕೂ ಸಾಧ್ಯ ಇರಲಿಲ್ಲ. ಮುಧೋಳದ ಕಡೆಯ ಭಾಗ ಬಹುಮಟ್ಟಿಗೆ ಘೋರ್ಪಡೆ ಸಂಸ್ಥಾನದ್ದು. ಸಂಸ್ಥಾನದ ಆಡಳಿತ ಮರಾಠಿಯಲ್ಲಿ, ಹಳೆಯ ಬರಹ ಮೋಡಿಯಲ್ಲಿ. 1948ರಲ್ಲಿ ಅದು ಮುಂಬೈ ಪ್ರಾಂತ್ಯಕ್ಕೆ ಸೇರಿತು. ಬೀಳಗಿ ಕಡೆಯದು ನೇರ ಬ್ರಿಟಿಷರ ಜಿಲ್ಲೆ. ಅದಕ್ಕೆ ಮೊದಲು ಕಲಾದಗಿ ಜಿಲ್ಲೆ ಅಂತ ಹೆಸರು, 1880ರ ದಶಕದಲ್ಲಿ ಕೇಂದ್ರ ವಿಜಯಪುರಕ್ಕೆ ಹೋಗಿ ಬಿಜಾಪುರ ಜಿಲ್ಲೆ ಆಯಿತು, 1997ರಲ್ಲಿ ಅದರಿಂದ ಬಾಗಲಕೋಟೆ ಬೇರೆ ಆಯಿತು. ಅಂದರೆ ಒಂದು ಚಿಂಕಾರ ಬೆಳಿಗ್ಗೆ ಒಂದು ರಾಜ್ಯದಲ್ಲಿ ಮೇಯ್ದು ಸಂಜೆ ಇನ್ನೊಂದು ರಾಜ್ಯದಲ್ಲಿ ಮಲಗುತ್ತಿತ್ತು. ಒಂದು ಕಡೆ ಮೋಡಿ ಕಾಗದ, ಇನ್ನೊಂದು ಕಡೆ ಇಂಗ್ಲಿಷ್ ವರದಿ. ಕನ್ನಡ ಮಾತಾಡುವ ಜನರ ನೆಲ, ಆದರೆ ದಾಖಲೆಯಲ್ಲಿ ಕನ್ನಡ ಬಹಳ ಕಡಿಮೆ.

1884ರ ಬಿಜಾಪುರ ಗೆಜೆಟಿಯರ್, ಅಂದರೆ ಬ್ರಿಟಿಷರು ಬರೆಸಿದ ಜಿಲ್ಲೆಯ ವಿವರದ ಪುಸ್ತಕ, ನಮ್ಮ ಕೈಲಿತ್ತು. ಮೋಡಿ ಬಲ್ಲವರು ಕೆಲವು ಹಾಳೆಗಳ ನಕಲು ತಂದಿದ್ದರು, ಹೆಚ್ಚಿನವು ಹುಲ್ಲು, ಕಟ್ಟಿಗೆ, ದಂಡದ ಲೆಕ್ಕ. ಕಾಗದ ಓದಿದ ಮೇಲೆ ಎಲ್ಲರಿಗೂ ಅನ್ನಿಸಿದ್ದು ಒಂದೇ, ಊರವರನ್ನು ಕೇಳದೆ ಇದು ಮುಂದೆ ಹೋಗುವುದಿಲ್ಲ.

ಮೊದಲ ದಿನ ಕೆಟ್ಟದ್ದು ಹೇಗೆ

ಇದು ಪೂರ್ತಿ ನಮ್ಮ ತಪ್ಪು. ಬಿಡಿಸಿ ಹೇಳುತ್ತೇನೆ.

ಕೂಟಕ್ಕೆ ಹದಿನೈದು ದಿನ ಮೊದಲು ಗುಡ್ಡದ ಸುತ್ತಿನ ಊರುಗಳಿಗೆ ಒಂದು ಪತ್ರ ಹಂಚಿದ್ದೆವು. ಮೇಲೆ ದಪ್ಪ ಅಕ್ಷರದಲ್ಲಿ "ಚಿಂಕಾರ ವನ್ಯಜೀವಿ ಧಾಮದ ಇತಿಹಾಸ ಸಂಗ್ರಹ". ಕೆಳಗೆ "ಹಳೆಯ ಉತಾರ, ನಕಾಶೆ, ಕಾಗದಪತ್ರ ಇದ್ದರೆ ದಯವಿಟ್ಟು ತನ್ನಿ". ಬರೆಯುವಾಗ ನಮಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಇತಿಹಾಸದವರು ಕಾಗದ ಕೇಳುವುದು ಸಹಜ ಅಲ್ವಾ. ಆದರೆ ಧಾಮ ಆದ ಮೇಲೆ ಕುರಿ ಎಲ್ಲಿ ಮೇಯಿಸಬೇಕು, ಕಟ್ಟಿಗೆ ತರಬಹುದೋ ಬೇಡವೋ, ಗಡಿ ಎಲ್ಲಿ ಬರುತ್ತೆ ಅಂತ ದಿನಾ ತಲೆ ಕೆಡಿಸಿಕೊಂಡಿರುವ ಊರಿಗೆ ಈ ಪತ್ರ ಹೇಗೆ ಕಂಡಿರಬೇಕು? ಸರ್ವೆಯವರು ಬಂದರು ಅಂತ ಕಂಡಿತು. ಉತಾರ ಅಂದರೆ ಹೊಲದ ದಾಖಲೆ, ಅದನ್ನು ತನ್ನಿ ಅಂದರೆ ಹೊಲ ಹೋಯಿತು ಅಂತಲೇ ಅರ್ಥ. ಅದಕ್ಕೇ ಯಾರೂ ತಾವಾಗಿ ಬರಲಿಲ್ಲ. ಬಂದ ಏಳು ಜನರೂ ಪಂಚಾಯತಿ ಸದಸ್ಯರೊಬ್ಬರ ಒತ್ತಾಯಕ್ಕೆ ಬಂದವರು. ಒಬ್ಬರ ಕೈಲೂ ಕಾಗದ ಇರಲಿಲ್ಲ.

ಅಂಥ ಕೂಟದಲ್ಲಿ ನಾನು ಎದ್ದು "ಚಿಂಕಾರ ಎಷ್ಟ ಇದ್ವು?" ಅಂತ ಕೇಳಿದೆ.

ಆ ಪದದ ಬಗ್ಗೆ ನಾನು ಒಂದು ಕ್ಷಣವೂ ಯೋಚನೆ ಮಾಡಿರಲಿಲ್ಲ. ಚಿಂಕಾರ ಅನ್ನೋದು ಹಿಂದಿ ಕಡೆಯಿಂದ ಬಂದ ಹೆಸರು. ಪುಸ್ತಕಕ್ಕೆ, ಬೋರ್ಡಿಗೆ, ಆದೇಶಕ್ಕೆ ಬಂದಿದೆ. ಊರವರಿಗೆ ಅದು ಬಂದದ್ದು ಫಾರೆಸ್ಟಿನವರ ಬಾಯಿಂದ, ಗಡಿ ಕಲ್ಲಿನ ಜೊತೆಗೆ. ಹಾಗಾಗಿ ಮುತ್ಯಾನ "ಇಲ್ಲೇ ಇಲ್ಲ" ಅನ್ನೋ ಉತ್ತರದಲ್ಲಿ ಎರಡು ಅರ್ಥ ಇತ್ತು. ಆ ಹೆಸರಿನ ಪ್ರಾಣಿ ನನಗೆ ಗೊತ್ತಿಲ್ಲ ಅನ್ನೋದು ಒಂದು. ನೀವು ಯಾರ ಕಡೆಯವರೋ ನನಗೆ ಗೊತ್ತಿಲ್ಲ ಅನ್ನೋದು ಇನ್ನೊಂದು.

ಹೊರಗೆ ಚಹಾ ಕುಡಿಯುವಾಗ ಅವರು ನಮ್ಮ ತಲಾಠಿಯವರನ್ನು ಮೆಲ್ಲಗೆ ಕೇಳಿದರಂತೆ, "ಚಿಂಕಾರ ಅಂದ್ರ ಯಾವುದ್ರೀ ಸರ್ರ?" ತಲಾಠಿಯವರು ಫೋನಿನಲ್ಲಿ ಫೋಟೋ ತೋರಿಸಿದರು. ಮುತ್ಯಾ ನೋಡಿದರು, ಏನೂ ಹೇಳಲಿಲ್ಲ, ಕುರಿ ಬಿಡುವ ಹೊತ್ತಾಯಿತು ಅಂತ ಎದ್ದು ಹೋದರು.

ಆ ರಾತ್ರಿಯ ಜಗಳ

ಊಟ ಆದ ಮೇಲೆ ಮಾತು ಬಿಸಿಯಾಯಿತು. ಹಿರಿಯ ಮೇಷ್ಟ್ರೊಬ್ಬರು ನೇರವಾಗಿ ಹೇಳಿದರು: "ಈ ಗುಡ್ಡದ ಇತಿಹಾಸ ಅಂದ್ರೆ ಹಲಗಲಿ. 1857. ಅದನ್ನು ಬಿಟ್ಟು ಜಿಂಕೆ ಎಣಿಸ್ಕೋತ ಕೂತರೆ ಹೇಗೆ?"

ಅವರ ಮಾತಿನಲ್ಲಿ ಅರ್ಥ ಇತ್ತು. ಮುಧೋಳ ತಾಲ್ಲೂಕಿನ ಹಲಗಲಿ ಹೆಸರು ಹತ್ತನೇ ತರಗತಿ ಓದಿದ ಎಲ್ಲರಿಗೂ ಗೊತ್ತು. ಬ್ರಿಟಿಷರು ಜನರ ಕೈಯಿಂದ ಹತಾರ ಕಸಿಯುವ ಕಾಯ್ದೆ ತಂದರು. ಹಲಗಲಿಯ ಬೇಡರು ಕೊಡುವುದಿಲ್ಲ ಅಂದರು. ಪೂಜೇರಿ ಹನುಮ, ಬಾಲ, ಜಡಗ, ರಾಮ ಮುಂದೆ ನಿಂತರು. 1857ರ ನವೆಂಬರ್ ಕೊನೆಗೆ ಸೇನೆ ಊರಿಗೆ ನುಗ್ಗಿತು, ಊರಿಗೆ ಬೆಂಕಿ ಬಿತ್ತು, ಸಿಕ್ಕವರನ್ನು ಗಲ್ಲಿಗೆ ಹಾಕಿದರು. ಇದೆಲ್ಲ ಲಾವಣಿಯಾಗಿ ಉಳಿಯಿತು. ಶಾಸನಗಳ ಕೆಲಸಕ್ಕೆ ಹೆಸರಾದ ಫ್ಲೀಟ್ ಅದನ್ನು ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚು ಹಾಕಿಸಿದರು.

ಆಗ ಧಾರವಾಡದ ಹುಡುಗಿ ಕೇಳಿದಳು: "ಸರ್, ಬೇಡರು ಅಂದ್ರೇನೇ ಬೇಟೆಯವರು ಅಲ್ವಾ? ಅವರು ಬೇಟೆಯಾಡಿದ್ದು ಏನನ್ನ? ಎಲ್ಲಿ? ಹತಾರ ಹೋದ ಮೇಲೆ ಮನೇಲಿ ಒಲೆ ಹೇಗೆ ಹತ್ತಿತು?"

ಮೇಷ್ಟ್ರು ಸುಮ್ಮನಾದರು. ನಾವೆಲ್ಲರೂ ಸುಮ್ಮನಾದೆವು. ಇಷ್ಟು ವರ್ಷ ಆ ಪಾಠ ಮಾಡಿದ್ದೇವೆ. ಹತಾರ ಅಂದ ಕೂಡಲೇ ಕತ್ತಿ, ಬಂದೂಕು, ಸ್ವಾಭಿಮಾನ ಅಂತ ಹೇಳಿಕೊಟ್ಟಿದ್ದೇವೆ. ಆ ಹತಾರದ ಎದುರಿಗೆ ಒಂದು ಗುಡ್ಡ ಇತ್ತು, ಗುಡ್ಡದಲ್ಲಿ ಪ್ರಾಣಿ ಇತ್ತು ಅಂತ ಯಾರೂ ಹೇಳಿರಲಿಲ್ಲ.

ಅವಳು ಬ್ಯಾಗಿನಿಂದ ಒಂದಿಷ್ಟು ಹಾಳೆ ತೆಗೆದಳು. ವಾಲ್ಟರ್ ಎಲಿಯಟ್ ಅನ್ನುವ ಬ್ರಿಟಿಷ್ ಅಧಿಕಾರಿ 1839ರಲ್ಲಿ ಮದ್ರಾಸಿನ ಒಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ ಪಟ್ಟಿ, ದಕ್ಷಿಣ ಮರಾಠಾ ಸೀಮೆಯ, ಅಂದರೆ ನಮ್ಮದೇ ಸೀಮೆಯ, ಸಸ್ತನಿಗಳ ಪಟ್ಟಿ. ಎಲಿಯಟ್ ಹೆಸರು ಎಲ್ಲೋ ಕೇಳಿದ ಹಾಗಿದೆಯಾ? 1824ರಲ್ಲಿ ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಾಗ, ರಾಣಿ ಚೆನ್ನಮ್ಮ ಸೆರೆ ಹಿಡಿದ ಇಬ್ಬರು ಬ್ರಿಟಿಷರಲ್ಲಿ ಒಬ್ಬ ಇವನೇ, ಇನ್ನೊಬ್ಬ ಸ್ಟೀವನ್ಸನ್. ಬದುಕಿ ಬಂದ ಮೇಲೆ ವರ್ಷಗಟ್ಟಲೆ ಈ ಸೀಮೆಯಲ್ಲೇ ಕೆಲಸ ಮಾಡಿ, ಪ್ರಾಣಿಗಳ ಜೊತೆ ಅವುಗಳ ಸ್ಥಳೀಯ ಹೆಸರನ್ನೂ ಬರೆದಿಟ್ಟ. ನನಗೆ ಎಲಿಯಟ್ ಅಂದರೆ ಕಿತ್ತೂರಿನ ಪಾಠದ ಒಂದು ಸಾಲು ಆಗಿದ್ದ. ಅವನು ಇಂಥ ಕೆಲಸ ಮಾಡಿದ್ದ ಅಂತ ಆ ರಾತ್ರಿಯೇ ಗೊತ್ತಾಗಿದ್ದು.

19ನೇ ಶತಮಾನದ ಪ್ರಾಣಿ ಪುಸ್ತಕಗಳಲ್ಲಿ ನಮ್ಮ ಚಿಂಕಾರಕ್ಕೆ ಕನ್ನಡ ಹೆಸರು ಅಂತ ಮೂರು ಪದ ಬರುತ್ತವೆ: ತಿಸ್ಕ, ಬುದರಿ, ಮುದರಿ. ಮೈಸೂರು ಕಡೆ ಸಂಕ ಹುಲ್ಲೆ. ಬೇಟೆಗಾರ ಬಾವರಿ ಜನರ ಮಾತಿನಲ್ಲಿ ಗಂಡಿಗೆ ಪೋರ್ಸ್ಯಾ, ಹೆಣ್ಣಿಗೆ ಚಾರಿ. ಗಂಡು ಹೆಣ್ಣಿಗೆ ಬೇರೆ ಬೇರೆ ಹೆಸರು ಇದೆ ಅಂದರೆ ಆ ಜನ ಆ ಪ್ರಾಣಿಯನ್ನು ಎಷ್ಟು ಹತ್ತಿರದಿಂದ ನೋಡಿರಬೇಕು! ಬೇಟೆಗೆ ಬರುತ್ತಿದ್ದ ಮುಂಬೈ, ಮದ್ರಾಸು ಕಡೆಯ ಬಿಳಿಯರು ಇದನ್ನು ಮೇಕೆ ಹುಲ್ಲೆ ಅನ್ನುವ ಅರ್ಥದ ಇಂಗ್ಲಿಷ್ ಹೆಸರಲ್ಲಿ ಕರೆದರು, ಬಂಗಾಳದ ಕಡೆಯವರು ಕೊರಕಲ ಜಿಂಕೆ ಅಂದರು. ಹಾಗಾಗಿ ಹಳೆಯ ವರದಿಯಲ್ಲಿ ಬರೀ ಚಿಂಕಾರ ಅಂತ ಹುಡುಕುತ್ತಾ ಕೂತರೆ ಅದು ಕೈಗೆ ಸಿಗದೆ ತಪ್ಪಿಸಿಕೊಳ್ಳುತ್ತೆ.

ಹೆಸರುಗಳ ಬಗ್ಗೆ ಅರ್ಧ ರಾತ್ರಿ ಮಾತಾಡಿದೆವು. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ತ ಯಾವುದು, ಟ ಯಾವುದು, ದ ಯಾವುದು, ಡ ಯಾವುದು ತಿಳಿಯುವುದಿಲ್ಲ. ತಿಸ್ಕವೋ ಟಿಸ್ಕವೋ? ಬುದರಿಯೋ ಬುಡರಿಯೋ? ಲಾವಣಿ ಹಾಡುವವರು ಆ ಪದಗಳನ್ನು ಬೇರೆ ಬೇರೆ ರೀತಿ ಹೇಳಿ ನೋಡಿದರು. ತಿಸ್ಕ ಅನ್ನೋದನ್ನು ಜೋರಾಗಿ ಹೇಳಿದಾಗ ಅದು ಸೀನಿನ ಸದ್ದಿನ ಹಾಗೇ ಕೇಳಿಸಿತು. ಇದು ನನ್ನ ಊಹೆ ಅಷ್ಟೇ, ಆಧಾರ ಇಟ್ಟು ಹೇಳುತ್ತಿಲ್ಲ. ಆದರೆ ಆ ಊಹೆಯೇ ಮರುದಿನ ನಮ್ಮನ್ನು ಕಾಪಾಡಿತು.

ಎರಡನೇ ದಿನ

ಬೆಳಿಗ್ಗೆ ಆರೂವರೆಗೆ ಆರು ಜನ ಮಾತ್ರ ಮುತ್ಯಾನ ಕುರಿ ಹಟ್ಟಿಗೆ ಹೋದೆವು. ನೋಟ್‌ಬುಕ್ ಒಬ್ಬರ ಕೈಲಿ ಮಾತ್ರ. ತಲಾಠಿಯವರು ಮೊದಲೇ ಹೋಗಿ ನಾವು ಸರ್ವೆಯವರಲ್ಲ, ಸಾಲಿ ಮಾಸ್ತರರು ಅಂತ ತಿಳಿಸಿ ಹೇಳಿದ್ದರು. ಮುತ್ಯಾ ಕಂಬಳಿ ಹಾಸಿ ಕೂರಿಸಿದರು. ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ಯಾರೂ ಏನೂ ಕೇಳಲಿಲ್ಲ. ಮೊಮ್ಮಗನ ಹತ್ತಿರ ಒಂದು ಮುಧೋಳ ನಾಯಿ ಇತ್ತು, ಉದ್ದ ಮುಖ, ಒಳಗೆ ಹೋದ ಹೊಟ್ಟೆ, ಕುಂತಲ್ಲಿ ಕುಂತಿರದ ನಾಯಿ. ಮಾತು ಅದರಿಂದಲೇ ಶುರುವಾಯಿತು.

"ಭಾಳ ಓಡ್ತದೇನ್ರಿ ಮುತ್ಯಾ ಇದು?" ಅಂತ ಹುಡುಗಿ ಕೇಳಿದಳು.

"ಇದೇನ್ ಓಡ್ತದವ್ವ. ನಮ್ಮ ಮುತ್ಯಾನ ಕಾಲದಾಗ ಇದ್ದುವು. ಎರಿ ಹೊಲದಾಗ ಕರೇ ಚಿಗರಿ ಬೆನ್ನ ಹತ್ತಿದ್ರ ಬಿಡ್ತಿರಲಿಲ್ಲ. ಆದ್ರ ಮಡ್ಡಿ ಚಿಗರಿ ಸಿಗ್ತಿರಲಿಲ್ಲ. ಅದು ಕಲ್ಲಾಗ ಹತ್ತತದ, ನಾಯಿ ಕಾಲು ಒಡೀತಾವ."

ಮಡ್ಡಿ ಚಿಗರಿ. ತಲಾಠಿಯವರು ನನ್ನ ಕೈ ಒತ್ತಿದರು.

ಹುಡುಗಿ ಸಮಾಧಾನದಿಂದ ಕೇಳಿದಳು, "ಅವೆರಡೂ ಬ್ಯಾರೆ ಬ್ಯಾರೆ ಏನ್ರಿ?"

"ಬ್ಯಾರೆ ಅಲ್ದ ಏನವ್ವ. ಕರೇದಕ್ಕ ಕೋಡು ತಿರುವ್ಯಾಡಿದ್ದು, ಹಿಂಡು ಕಟ್ಟಕೊಂಡು ಅಡ್ಡಾಡತದ. ಮಡ್ಡಿದು ಕೆಂಪಂದು, ಸಣ್ಣದು, ಎರಡೋ ಮೂರೋ ಇರ್ತಾವು. ಮನಷ್ಯಾನ ವಾಸನಿ ಬಡದ್ರ ಸೀನತದ." ಹೀಗೆ ಹೇಳಿ ಮೂಗಿನಿಂದ ಒಂದು ಸದ್ದು ಮಾಡಿ ತೋರಿಸಿದರು. ಚಿಕ್ಕ, ಒಣ, ಒತ್ತಿ ಬಿಟ್ಟ ಸದ್ದು. ಹಟ್ಟಿಯ ನಾಯಿ ಕಿವಿ ನಿಮಿರಿಸಿ ಗುಡ್ಡದ ಕಡೆ ತಿರುಗಿತು.

ನಾವು ಹುಡುಕುತ್ತಿದ್ದದ್ದು ಅದೇ. ಕರೇ ಚಿಗರಿ ಅಂದರೆ ಕೃಷ್ಣಮೃಗ, ಎರೆ ಭೂಮಿಯ ಬಯಲಿನದು. ಮಡ್ಡಿ ಚಿಗರಿ ನಮ್ಮ ಚಿಂಕಾರ. ತಿಸ್ಕ, ಬುದರಿ, ಮುದರಿ ಅನ್ನುವ ಪದಗಳನ್ನೂ ಕೇಳಿದೆವು, ಅವು ಮುತ್ಯಾನಿಗೆ ಗೊತ್ತಿರಲಿಲ್ಲ. ಪದ ಹೋಗಿದೆ, ಗುರುತು ಉಳಿದಿದೆ.

ಅಲ್ಲಿಂದ ಎರಡು ತಾಸು ಅವರು ಮಾತಾಡಿದರು. ಬೇಟೆಯ ಮಾತು ಬಂದಾಗ ರೆಕಾರ್ಡರ್ ಬಂದ್ ಮಾಡಿದೆವು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲಿನ ಯಾವ ಬೇಟೆಯ ಮಾತನ್ನೂ ಬರೆದುಕೊಳ್ಳಬಾರದು, ಅಜ್ಜಂದಿರ ಕಾಲದ್ದಷ್ಟೇ ಬರೆದುಕೊಳ್ಳಬೇಕು ಅಂತ ನಮ್ಮೊಳಗೆ ಮೊದಲೇ ಮಾತಾಗಿತ್ತು. ಇದನ್ನು ಮುತ್ಯಾನಿಗೂ ಹೇಳಿದೆವು. ಹೇಳಿದ ಮೇಲೆ ಅವರ ಮಾತು ಇನ್ನೂ ಸಲೀಸಾಯಿತು.

ಅವರು ಹೇಳಿದ್ದರಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ನೀರಿನ ಮಾತು. ಆಲಮಟ್ಟಿಯ ಹಿನ್ನೀರು ಬಂದ ಮೇಲೆ ಬೀಳಗಿ ಕಡೆ ಎಷ್ಟೋ ಊರು ಎದ್ದು ಹೋದವು, ಅದು ಎಲ್ಲರಿಗೂ ಗೊತ್ತು. ಮನೆ, ಹೊಲ ಹೋದ ಲೆಕ್ಕ ಇದೆ. ಹೊಳೆ ದಂಡೆಯ ಗಾಯರಾಣ, ಅಂದರೆ ಊರಿನ ದನ ಕುರಿ ಮೇಯುವ ಜಾಗ, ಹೋದದ್ದಕ್ಕೆ ಯಾರೂ ಲೆಕ್ಕ ಇಟ್ಟಿಲ್ಲ ಅಂದರು. ಬೇಸಿಗೆಯಲ್ಲಿ ಕುರಿ ಹೊಳೆ ದಂಡೆಗೆ ಇಳಿಸಿ, ಮಳೆಗಾಲಕ್ಕೆ ಮಡ್ಡಿಗೆ ಹತ್ತಿಸುತ್ತಿದ್ದರಂತೆ. ದಂಡೆ ಮುಳುಗಿದ ಮೇಲೆ ಹನ್ನೆರಡು ತಿಂಗಳೂ ಮಡ್ಡಿಯೇ ಗತಿ. ಚಿಗರಿಗೂ ಅದೇ ಮಡ್ಡಿ. "ಇಬ್ಬರನ್ನೂ ಒಂದ ತಾಟಿನಾಗ ಉಣ್ಣಾಕ ಹಚ್ಚ್ಯಾರ" ಅಂದರು. ಧಾಮದ ಬಗ್ಗೆ ನಡೆಯುವ ಎಲ್ಲ ವಾದದಲ್ಲೂ ಕುರಿ ಮತ್ತು ಚಿಂಕಾರ ಎದುರಾಳಿ ಅಂತಲೇ ಶುರು ಮಾಡುತ್ತಾರೆ. ಇಬ್ಬರೂ ಒಂದೇ ಕಾರಣಕ್ಕೆ ಮೇಲೆ ಹತ್ತಿದವರು ಅನ್ನೋದು ಅವರ ಮಾತಿನಿಂದ ನನಗೆ ಕಂಡಿತು.

ಹಲಗಲಿಯ ಆಯಿ

ಮಧ್ಯಾಹ್ನ ಹಲಗಲಿಗೆ ಹೋದೆವು. ಅಲ್ಲಿ ಲಾವಣಿ ಹಾಡಿಸಿದೆವು. ದಪ್ಪಿನ ಸದ್ದು ಕೇಳಿ ಜನ ತಾವಾಗಿಯೇ ಬಂದರು, ಪತ್ರ ಹಂಚುವ ಅಗತ್ಯವೇ ಇರಲಿಲ್ಲ. ಈ ಸಲ ಹೆಣ್ಣುಮಕ್ಕಳೂ ಬಂದರು, ಮೊದಲ ದಿನ ಒಬ್ಬರೂ ಇರಲಿಲ್ಲ ಅನ್ನೋದು ಆಗ ಹೊಳೆಯಿತು.

ಹಾಡು ಮುಗಿದ ಮೇಲೆ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಆಯಿಯನ್ನು ಹುಡುಗಿ ಕೇಳಿದಳು, "ಆಯಿ, ಹತಾರ ಅಂದ್ರ ಏನೇನ್ರಿ?"

ಆಯಿ ಬೆರಳು ಮಡಚಿ ಎಣಿಸಿದರು. "ಕೊಡ್ಲಿ, ಕುಡಗೋಲ, ಭರ್ಚಿ, ಬಲಿ,  ಬಂದೂಕ. ಬಲೀನೂ ಹತಾರನ ಯವ್ವಾ. ಅದಿಲ್ದ ಮೊಲ ಎಲ್ಲಿ ಬೀಳ್ತದ?"

1857ರ ಕಾಯ್ದೆಯಲ್ಲಿ ಬಲೆ ಇರಲಿಲ್ಲ ಅಂತ ನಮ್ಮ ಹಿರಿಯ ಮೇಷ್ಟ್ರು ತಿದ್ದಲು ಬಾಯಿ ತೆರೆದರು, ಆಮೇಲೆ ತಾವೇ ತಡೆದುಕೊಂಡರು. ಕಾಯ್ದೆ ಏನು ಹೇಳಿತು ಅನ್ನೋದು ಒಂದು ಸಂಗತಿ. ಅದು ಆ ಮನೆಗಳಲ್ಲಿ ಏನಾಗಿ ನೆನಪಿದೆ ಅನ್ನೋದು ಇನ್ನೊಂದು ಸಂಗತಿ. ಆಯಿಯ ಪಟ್ಟಿಯಲ್ಲಿ ಯುದ್ಧದ ಸಾಮಾನಿಗಿಂತ ಹೊಟ್ಟೆಗೆ ಹಾಕುವ ಸಾಮಾನು ಜಾಸ್ತಿ ಇತ್ತು. ಹಲಗಲಿಯ ಜಗಳವನ್ನು ಗುಡ್ಡದಿಂದ ಬೇರೆ ಮಾಡಿ ಓದಿದರೆ ಅದು ಅರ್ಧವೇ ಆಗುತ್ತೆ ಅಂತ ರಾತ್ರಿ ಹುಡುಗಿ ಹೇಳಿದ್ದಕ್ಕೆ ಇಲ್ಲಿ ಊರಿನ ಬಾಯಿಂದಲೇ ಉತ್ತರ ಬಂತು. ವಾಪಸ್ ಬರುವಾಗ ಗಾಡಿಯಲ್ಲಿ ಮೇಷ್ಟ್ರು ಅವಳಿಗೆ ಹೇಳಿದರು: "ತಂಗೀ, ಬರೋ ವರ್ಷ ಆ ಪಾಠ ಮಾಡುವಾಗ ಮಕ್ಕಳನ್ನ ಮೊದಲು ಗುಡ್ಡಕ್ಕೆ ಕರಕೊಂಡು ಹೋಗ್ತೀನಿ."

ಈಗ ಎಲ್ಲಿದ್ದೇವೆ

ಕೂಟದಿಂದ ಒಂದು ಪುಸ್ತಕ ಬರಬೇಕು ಅಂತ ಹೊರಟಿದ್ದೆವು. ಅದನ್ನು ಸದ್ಯ ಕೈಬಿಟ್ಟಿದ್ದೇವೆ. ಮೂರು ಕೆಲಸ ನಡೆಯುತ್ತಿವೆ. ಮೋಡಿ ಬಲ್ಲವರು ಆ ಹುಲ್ಲು, ಕಟ್ಟಿಗೆಯ ಲೆಕ್ಕವನ್ನೇ ಮತ್ತೆ ಓದುತ್ತಿದ್ದಾರೆ, ಈ ಸಲ ಯಾರಿಗೆ ದಂಡ ಬಿತ್ತು, ಯಾವ ಗುಡ್ಡದಲ್ಲಿ ಅಂತ ನೋಡಿಕೊಂಡು. ಇಂಗ್ಲಿಷ್ ವರದಿ ಓದುವವರಿಗೆ ಹಳೆಯ ಹೆಸರುಗಳ ಒಂದು ಚೀಟಿ ಕೊಟ್ಟಿದ್ದೇವೆ, ಸಿಕ್ಕಸಿಕ್ಕ ಜಿಂಕೆಯನ್ನೆಲ್ಲ ಚಿಂಕಾರ ಅಂತ ಸೇರಿಸಿಕೊಳ್ಳಬಾರದು ಅಂತ. ಊರಿಗೆ ಹೋಗುವವರು ಇನ್ನು ಮೇಲೆ ಕಾಗದ ಕೇಳುವ ಹಾಗಿಲ್ಲ. ಊರವರು ತಾವಾಗಿ ತಂದರೆ ಅಲ್ಲೇ ಫೋಟೋ ತೆಗೆದು ವಾಪಸ್ ಕೊಡಬೇಕು.

ಒಂದು ವಿಷಯದಲ್ಲಿ ಮಾತ್ರ ಇನ್ನೂ ಒಮ್ಮತ ಇಲ್ಲ. ನಾವು ಬರೆಯುವ ಬರಹದಲ್ಲಿ ಪ್ರಾಣಿಯನ್ನು ಏನಂತ ಕರೆಯಬೇಕು? ಧಾಮದ ಹೆಸರಲ್ಲಿ ಚಿಂಕಾರ ಇದೆ, ಓದುವವರಿಗೂ ಅದೇ ಗೊತ್ತು ಅಂತ ಕೆಲವರು. ಊರಿನ ಪದವೇ ಇರಲಿ ಅಂತ ಕೆಲವರು. ನಾನು ಎರಡನೆಯವರ ಕಡೆ. ಬೋರ್ಡಿನ ಮೇಲೆ ಚಿಂಕಾರ ಅಂತ ಇದೆ, ಇರಲಿ. ಅದರ ಕೆಳಗೆ ಮಡ್ಡಿ ಚಿಗರಿ ಅಂತ ಇನ್ನೊಂದು ಸಾಲು ಬರೆಯಲು ಜಾಗ ಇದೆ.

ಹೋದ ತಿಂಗಳು ತಲಾಠಿಯವರು ಹಳೆಯ ಸರ್ವೆ ನಕಾಶೆಯ ದೊಡ್ಡ ನಕಲು ತೆಗೆಸಿಕೊಂಡು ಮುತ್ಯಾನ ಹತ್ತಿರ ಹೋಗಿದ್ದರು. ಮುತ್ಯಾನಿಗೆ ಓದಲು ಬರುವುದಿಲ್ಲ. ಹಳ್ಳ ಎಲ್ಲಿ, ಗುಡಿ ಎಲ್ಲಿ ಅಂತ ತೋರಿಸಿದ ಮೇಲೆ ಅವರು ನಕಾಶೆಯನ್ನು ತಾವೇ ತಿರುಗಿಸಿ, ಗುಡ್ಡ ಇರುವ ದಿಕ್ಕಿಗೆ ಸರಿಯಾಗಿ ಇಟ್ಟುಕೊಂಡು, ಏನೂ ಗುರುತಿಲ್ಲದ ಒಂದು ಜಾಗದಲ್ಲಿ ಸಣ್ಣ ಕಲ್ಲು ಇಟ್ಟರಂತೆ. "ಇಲ್ಲೊಂದು ಹೊಂಡ ಇತ್ತು. ಎಲ್ಲಾ ಬತ್ತಿದ ಮ್ಯಾಲೂ ಇದರಾಗ ಒಂದೀಟು ನೀರ ಇರ್ತಿತ್ತು. ಚಿಗರಿ ಬೆಳಗಿನ ಜಾವ ಇಲ್ಲಿಗೇ ಬರ್ತಿದ್ದುವು." ಮಳೆ ಬಿದ್ದರೆ ಕಂಟಿ ಬೆಳೆದು ದಾರಿ ಮುಚ್ಚುತ್ತೆ, ಅದಕ್ಕೆ ಮೊದಲೇ ಬರ್ರಿ ಅಂದಿದ್ದಾರೆ. ಧಾಮದ ಒಳಗೆ ಹೋಗಲು ಅನುಮತಿ ಸಿಕ್ಕಿದೆ. ಶನಿವಾರ ನಸುಕಿನಲ್ಲಿ ನಾಲ್ಕು ಜನ ಅವರ ಜೊತೆ ಹೊರಡುತ್ತಿದ್ದೇವೆ.